ಸಾಹೇಬರ ದಪ್ಪ ಟೈರು

ಗುಡ್ಡದ ಆಸ್ಪತ್ರೆಯ ಜೀಪನ್ನು ಇಪ್ಪತ್ತೆರಡು ವರ್ಷ ಓಡಿಸಿದ ಡ್ರೈವರಣ್ಣ ಎಂದೂ ದನಿ ಏರಿಸಿದವನಲ್ಲ. ಹೊಸ ಸಾಹೇಬರು ಅವನನ್ನು ಒಂದು ಮಾತೂ ಕೇಳದೆ, ಗತ್ತಿಗೆಂದು ದಪ್ಪ ಟೈರು ಹಾಕಿಸಿದರು. ಮೊದಲೇ ಎತ್ತರದ ಜೀಪು ಇನ್ನೂ ನಾಲ್ಕು ಬೆರಳು ಮೇಲೆದ್ದಿತು. ತಿರುವಿನಲ್ಲಿ ಟೈರು ಮಡ್‌ಗಾರ್ಡಿಗೆ ಉಜ್ಜಿದರೂ ಅವನು ಹಲ್ಲು ಕಚ್ಚಿಕೊಂಡು ಓಡಿಸಿದ.

ಮೊನ್ನೆ ತುಂಬು ಗರ್ಭಿಣಿಯೊಬ್ಬಳು ಹತ್ತಲಾಗದೆ ಬಾಗಿಲು ಹಿಡಿದು ಅತ್ತಾಗ ಅವನ ರಕ್ತ ಕುದಿಯಿತು.

"ನನ್ನ ಬೆನ್ನ ಮೇಲೆ ಕಾಲಿಡು ತಂಗಿ, ಹೆದರಬೇಡ" ಎಂದು ನೆಲಕ್ಕೆ ಬಾಗಿದ.

ಅವಳನ್ನು ಆಸ್ಪತ್ರೆಗೆ ಸೇರಿಸಿದವನೇ ಸಾಹೇಬರ ಕೋಣೆಗೆ ನುಗ್ಗಿದ.

"ಜೀಪು ಇರೋದು ರೋಗಿಗಳಿಗಾ, ನಿಮ್ಮ ಗತ್ತಿಗಾ ಸ್ವಾಮಿ? ಈ ಟೈರು ಈಗಲೇ ಬಿಚ್ತೀನಿ, ಏನ್ ಬೇಕಾದ್ರೂ ಮಾಡ್ಕೊಳ್ಳಿ!"

ಸಾಹೇಬರು ನೋಟಿಸ್ ಬರೆಯುತ್ತಿದ್ದಂತೆಯೇ ಅವನು ಅಂಗಳದಲ್ಲಿ ಜಾಕ್ ಕೊಟ್ಟು ನಟ್ಟು ಬಿಚ್ಚತೊಡಗಿದ. ಹಳೆಯ ಟೈರುಗಳನ್ನು ಶೆಡ್ಡಿನಿಂದ ಉರುಳಿಸಿಕೊಂಡು ಬಂದವರು ನರ್ಸಮ್ಮ.