ಗುಂಡಿಯ ತಳದ ಗೋಡು

ಕಳೆದ ವಾರ ಒಂದು ಟ್ರ್ಯಾಕ್ಟರ್ ಕೆರೆಗೋಡಿಗೆ, ಅಂದರೆ ಕೆರೆಯ ಹೂಳುಮಣ್ಣಿಗೆ, ಟ್ರ್ಯಾಕ್ಟರಿನವನು ಕೇಳಿದ್ದಕ್ಕಿಂತ ನೂರು ರೂಪಾಯಿ ಹೆಚ್ಚಿಗೆ ಕೊಟ್ಟೆ. ಮಗ ಬೆರಗಾಗಿ ನೋಡಿದ. ಕೊತ್ತಂಬರಿ ಕಟ್ಟಿಗೂ ಚೌಕಾಸಿ ಮಾಡುವ ಮನುಷ್ಯ ನಾನು. ಕಾರಣ ಇಷ್ಟೇ: ಒಂದು ಹೆಂಟೆ ಒಡೆದು ಮೂಗಿಗೆ ಹಿಡಿದಿದ್ದೆ. ಕೊಳೆತ ಹೊಂಗೆ ಎಲೆ, ಹಳೆಯ ಸಗಣಿ, ಅದರಡಿಯಲ್ಲಿ ಏನೋ ತಂಪು... ಆ ವಾಸನೆಯ ಜೊತೆಗೇ ದೊಡ್ಡಮ್ಮ ಕಣ್ಣ ಮುಂದೆ ಬಂದು ನಿಂತರು. ಆಮೇಲೆ ಚೌಕಾಸಿಗೆ ಬಾಯಿ ಬರಲಿಲ್ಲ.

ಸಂಬಂಧದಲ್ಲಿ ಅವರು ನನಗೆ ಏನೂ ಆಗಬೇಕಿರಲಿಲ್ಲ. ಐವತ್ತರ ದಶಕದ ಕೊನೆಯಲ್ಲಿ ಜಂಗಮಕೋಟೆ ಕಡೆ ಒಂದು ತುಂಡು ಕೆಂಪು ಗರಸು ನೆಲವನ್ನು ಗುತ್ತಿಗೆಗೆ ಹಿಡಿದಿದ್ದೆ. ಪಕ್ಕದ ತೋಟ ಅವರದು. ಗಂಡ ತೀರಿಕೊಂಡು ವರ್ಷಗಳಾಗಿದ್ದವು. ಊರಿಗೆಲ್ಲ ದೊಡ್ಡಮ್ಮ, ನನಗೂ ದೊಡ್ಡಮ್ಮ. ನೆಲದ ಯಜಮಾನರು ನನಗೆ ಖಂಡಿತವಾಗಿ ಹೇಳಿದ್ದರು: ಮುಂದಿನ ಯುಗಾದಿಯೊಳಗೆ ರೇಷ್ಮೆಸೊಪ್ಪಿನ ತೋಟ ಹಸಿರಾಗದಿದ್ದರೆ ನೆಲ ಬೇರೆಯವರ ಪಾಲು. ತವರಲ್ಲಿದ್ದ ಹೆಂಡತಿಯನ್ನು ಕರೆತರುವುದೂ ಆ ಹಸಿರನ್ನೇ ನಂಬಿಕೊಂಡಿತ್ತು.

ಆ ಬೇಸಿಗೆಯಲ್ಲಿ ಕೆರೆ ಬತ್ತಿದಾಗ ಊರ ಗಾಡಿಗಳೆಲ್ಲ ಗೋಡಿಗೆ ಇಳಿದವು. ಎಲ್ಲರೂ ಕೆರೆಯ ನಡುವಿಗೆ ಹೋದರು. ನಾನು ಜಾಣನಲ್ಲವೇ, ಕಾಲುವೆ ಬಂದು ಕೆರೆಗೆ ಬೀಳುವ ಬಾಯಲ್ಲೇ ತುಂಬಿಸಿದೆ. ದಾರಿ ಹತ್ತಿರ, ಎತ್ತುಗಳಿಗೆ ಸಲೀಸು, ಅವರು ಒಂದು ಗಾಡಿ ಹೊಡೆಯುವಷ್ಟರಲ್ಲಿ ನನ್ನದು ಎರಡು. ಮಳೆ ಬಿದ್ದ ಮೇಲೆ ನೋಡಿದರೆ ಗಿಡಗಳು ಹಳದಿಗೆ ತಿರುಗಿದ್ದವು...

ದೊಡ್ಡಮ್ಮ ಬೇಲಿ ದಾಟಿ ಬಂದು, ಒಂದು ಹಿಡಿ ಎತ್ತಿ ಬೆರಳಲ್ಲಿ ತಿಕ್ಕಿದರು.

“ಇದೇನ್ ನಾಯನಾ, ಬರೀ ಮರಳು! ಸೊಪ್ಪು ಬೆಳೀತೀಯೋ, ಮನೆ ಕಟ್ತೀಯೋ?”

“ಕೆರೇದೇ ಅಲ್ವಾ ದೊಡ್ಡಮ್ಮ?”

“ಕೆರೇದೇ ಕಣಪ್ಪ. ಭಾರ ಇರೋದನ್ನ ನೀರು ಬಾಗಿಲಲ್ಲೇ ಇಳಿಸ್ಬಿಡ್ತದೆ. ಸಾರ ಒಳಗಡೆಗೆ ಒಯ್ತದೆ. ನೀನು ಬಾಗಿಲಲ್ಲೇ ಗುಡಿಸ್ಕೊಂಡ್ ಬಂದಿದ್ದೀಯ!”

ಅಷ್ಟರಲ್ಲಿ ಕೆರೆಯ ನಡುವೆ ನೀರು ನಿಂತಿತ್ತು. ಆ ವರ್ಷಕ್ಕೆ ಗೋಡಿನ ಆಸೆ ಮುಗಿದಿತ್ತು. ದೊಡ್ಡಮ್ಮ ನನ್ನನ್ನು ತಮ್ಮ ತೋಟದ ಅಂಚಿಗೆ ಕರೆದೊಯ್ದರು. ಅಲ್ಲಿ ಕಾಲುವೆಯ ತಿರುವಿನಲ್ಲಿ, ಪ್ರವಾಹ ಉಕ್ಕಿದಾಗ ಮಾತ್ರ ನೀರು ನುಗ್ಗುವ ಒಂದು ಗುಂಡಿ. ಗಂಡ ಹೆಂಡತಿ ಸೇರಿ ತೋಡಿ, ಬಾಯಿಗೆ ಲಕ್ಕಿ ಗಿಡದ ಕಡ್ಡಿ ಹೆಣೆದ ತಟ್ಟಿ ಕಟ್ಟಿದ್ದರಂತೆ. ಮರಳು ಕಾಲುವೆಯಲ್ಲೇ ಮುಂದೆ ಹೋಗುತ್ತಿತ್ತು. ಇಲ್ಲಿ ಸುಮ್ಮನೆ ನಿಂತ ನೀರು ಮೇಲಿನ ಹಳ್ಳಿಗಳ ಎಲೆ, ಸಗಣಿ, ಹೊಂಗೆ ಹೂವು, ರೇಷ್ಮೆಹುಳುವಿನ ಹಿಕ್ಕೆ, ಎಲ್ಲವನ್ನೂ ಬಿಟ್ಟು ಇಂಗುತ್ತಿತ್ತು. ಸನಿಕೆಯಿಂದ ಕತ್ತರಿಸಿದ ಮಗ್ಗುಲು ಕಂಬಳಿಯ ಪಟ್ಟೆಯಂತೆ ಕಾಣುತ್ತಿತ್ತು.

“ಇದು ಹೊಂಗೆ ಚೆನ್ನಾಗಿ ಹೂ ಬಿಟ್ಟ ವರ್ಷ. ಈ ಬೆಳ್ಳಗಿರೋದು ಮಳೆ ರೇಗ್ಕೊಂಡು ಹುಯ್ದಾಗ ಬಂದಿದ್ದು,” ಎಂದು ಬೆರಳಿಟ್ಟು ತೋರಿಸಿದರು. ತಳದಲ್ಲಿ ಕಾಡಿಗೆಯಂಥ ಒಂದು ಪದರವಿತ್ತು. ಅದರ ಹತ್ತಿರ ಬೆರಳು ಹೋಗಲಿಲ್ಲ. “ಅದು ನಮ್ಮೆಜಮಾನ್ರು ಇದ್ದಾಗ ಬಿದ್ದಿದ್ದು. ಅದನ್ನ ನಾನು ಮುಟ್ಟಲ್ಲ.”

ಮಾರನೆಯ ದಿನದಿಂದ ಆ ಗೋಡನ್ನು ಮಂಕರಿ ಬುಟ್ಟಿಯಲ್ಲಿ ನನ್ನ ತೋಟಕ್ಕೆ ಹೊತ್ತೆವು. ಬೇಡವೆಂದರೂ ಅವರೂ ಹೊತ್ತರು. ತೋಟದ ಕೊನೆಯ ಸಾಲುಗಳು ಇನ್ನೂ ಉಳಿದಿದ್ದಾಗ ಮೇಲಿನ ಗೋಡು ಮುಗಿಯಿತು. ನಾನು ಸನಿಕೆ ತೊಳೆಯತೊಡಗಿದೆ. ಅವರು ಗುಂಡಿಯ ಅಂಚಿನಲ್ಲಿ ಕುಳಿತು ಎಲೆಅಡಿಕೆ ಹಾಕಿಕೊಂಡು ಬಹಳ ಹೊತ್ತು ಅಗಿದರು.

“ಇಳಿಯಪ್ಪ,” ಅಂದರು.

“ಬೇಡ ದೊಡ್ಡಮ್ಮ.”

“ಅವರಿದ್ದಿದ್ರೆ ಇಷ್ಟೊತ್ಗೆ ಬೈದು ಇಳಿಸ್ತಿದ್ರು ನಿನ್ನ. ಗುಂಡೀಲಿಟ್ಕೊಂಡು ಪೂಜೆ ಮಾಡಕ್ಕಾಗ್ತದಾ? ತಗೋ. ನಿನ್ ಹುಳ ಗೂಡು ಕಟ್ಟಿದಾಗ ಮೊದಲ್ನೇ ಮಂಕರಿ ಹಿಕ್ಕೆ ತಂದು ಇಲ್ಲಿ ಸುರಿ. ಅದೇ ಬೆಲೆ.”

ನಾನು ಚೌಕಾಸಿ ಮಾಡದೆ ಒಪ್ಪಿಕೊಂಡ ಮೊದಲ ಬೆಲೆ ಅದು.

ಯುಗಾದಿಗೆ ತೋಟ ಎದೆಮಟ್ಟ ನಿಂತಿತ್ತು. ಹೆಂಡತಿ ಬಂದಳು. ಮೊದಲ ಮಂಕರಿ ಹಿಕ್ಕೆಯನ್ನು ಅವಳೇ ಹೊತ್ತು ಗುಂಡಿಗೆ ಸುರಿದಳು. ದೊಡ್ಡಮ್ಮ ಕೆಳಗಿಳಿದು ಅದನ್ನು ಅಂಗೈಯಿಂದ ಹರಡಿದರು, ಮಗುವಿನ ಹಾಸಿಗೆ ಸರಿಮಾಡುವ ಹಾಗೆ...

ಅರವತ್ತರ ದಶಕದಲ್ಲೇ ಅವರು ಹೋದರು. ಕೆಲವು ವರ್ಷ ತಟ್ಟಿಯನ್ನು ನಾನು ಕಟ್ಟಿದೆ. ಆಮೇಲೆ ಕಾಲುವೆಯೇ ದಿಕ್ಕು ಬದಲಿಸಿತು. ಈಗ ಆ ಕಡೆ ರಸ್ತೆ ಹೋಗಿದೆ; ಗುಂಡಿ ಎಲ್ಲಿತ್ತೆಂದು ಕೇಳಿದರೆ ನನಗೂ ಸರಿಯಾಗಿ ತೋರಿಸಲಾಗದು.

ಗೋಡು ಕೊಳ್ಳುವವರು ಕೇಳಿ. ಕಪ್ಪಗಿದೆಯೆಂದು ಮರುಳಾಗಬೇಡಿ, ಅಂಗೈಯಲ್ಲಿ ತಿಕ್ಕಿ. ಕರಕರ ಅಂದರೆ ಬಿಡಿ, ನುಣ್ಣಗೆ ಅಂಟಿದರೆ ತಗೊಳ್ಳಿ. ಹಸಿಗೋಡನ್ನು ನೇರ ಬುಡಕ್ಕೆ ಹಾಕದೆ ಬಿಸಿಲಿಗೆ ಹರಡಿ, ಗಾಳಿಯಾಡಲಿ. ನಿಮ್ಮ ಜಮೀನಿಗೆ ನೀರು ಬರುವ ಕಡೆ ಮಗ್ಗುಲಲ್ಲಿ ಒಂದು ಗುಂಡಿ ತೋಡಿಕೊಂಡರೆ ಇನ್ನೂ ಒಳ್ಳೆಯದು. ಮೇಲಿನದನ್ನು ವರ್ಷವರ್ಷವೂ ತೆಗೆಯಿರಿ, ತಳದ ಪದರ ಬಿಟ್ಟಿರಿ. ಪಕ್ಕದ ಹೊಲದವರ ಗಿಡ ಹಳದಿಯಾದ ವರ್ಷ ಅದನ್ನೂ ಕೊಟ್ಟುಬಿಡಿ.