ಹನ್ನೆರಡರಲ್ಲಿ ಐದು ಪದ

ಟೆರೆನ್ಸ್ ಬೇಕೆಂದೇ ತಪ್ಪು ಉತ್ತರ ಕೊಡುತ್ತಿದ್ದಾನೆಂದು ನನಗೆ ಗೊತ್ತಿತ್ತು. ಗೊತ್ತಿದ್ದೂ ಅವನ ಹಾಳೆಯ ಕೊನೆಯಲ್ಲಿ, 'ಪರೀಕ್ಷೆಗೆ ಕೂತವರು ಮನಸ್ಸಿಟ್ಟು ಪ್ರಯತ್ನಿಸಿದ್ದಾರೆ' ಎಂಬ ಸಾಲಿನ ಎದುರು ಟಿಕ್ ಹಾಕಿ ಸಹಿ ಮಾಡಿದೆ. ಇದನ್ನು ತಪ್ಪು ಎಂದು ನಾನು ಕರೆದೇ ಇರಲಿಲ್ಲ. ಮೊದಮೊದಲು ಚಿಕ್ಕ ಉಪಕಾರ ಎಂದುಕೊಂಡೆ. ಆಮೇಲೆ ಏನೂ ಅಂದುಕೊಳ್ಳದೆ ಇರುವುದನ್ನು ರೂಢಿ ಮಾಡಿಕೊಂಡೆ. ಈಗ ಸಾಕಾಗಿದೆ, ಹೇಳಿಬಿಡುತ್ತೇನೆ.

ನಾನು ಹುಬ್ಬಳ್ಳಿಯಲ್ಲಿ ಮನಃಶಾಸ್ತ್ರ ಓದಿದವಳು. ಇಲ್ಲಿ ಅಮೆರಿಕಕ್ಕೆ ಬಂದ ಮೇಲೆ ಮತ್ತೆ ಓದಿ, ಕ್ಯಾರಿ ಎಂಬ ಊರಿನ ಒಂದು ಕ್ಲಿನಿಕ್ಕಿನಲ್ಲಿ ಜನರ ನೆನಪು, ಗಮನ, ಚುರುಕು ಅಳೆಯುವ ಕೆಲಸಕ್ಕೆ ಸೇರಿದೆ. ಬೇಸಿಗೆಯಲ್ಲಿ ಫುಟ್‌ಬಾಲ್ ಆಟಗಾರರು ಬರುತ್ತಿದ್ದರು. ಇಲ್ಲಿಯ ಫುಟ್‌ಬಾಲ್ ಅಂದರೆ ಹೆಲ್ಮೆಟ್ ಹಾಕಿಕೊಂಡು ಒಬ್ಬರ ಮೇಲೊಬ್ಬರು ಬೀಳುವ ಆಟ. ಸೀಸನ್ ಶುರುವಾಗುವ ಮುಂಚೆ, ತಲೆ ಚೆನ್ನಾಗಿರುವಾಗ ಇವನಿಗೆ ಎಷ್ಟು ಅಂಕ ಬರುತ್ತದೆ ಎಂದು ನಾವು ಬರೆದಿಟ್ಟುಕೊಳ್ಳಬೇಕು. ಮುಂದೆ ಪೆಟ್ಟು ಬಿದ್ದರೆ ಮತ್ತೆ ಅದೇ ಪರೀಕ್ಷೆ. ಅಂಕ ಇಳಿದಿದ್ದರೆ ಆಡುವ ಹಾಗಿಲ್ಲ. ಆದ್ದರಿಂದ ಕೆಲವು ಹುಡುಗರು ಮೊದಲ ಸಲವೇ ಬೇಕೆಂದು ಕಡಿಮೆ ತೆಗೆಯುತ್ತಾರೆ. ಆಗ ಆಮೇಲೆ ಎಷ್ಟು ಪೆಟ್ಟು ಬಿದ್ದರೂ ಇಳಿದದ್ದು ಕಾಣುವುದಿಲ್ಲ. ನಮ್ಮ ಕೆಲಸದವರಿಗೆಲ್ಲ ಇದು ಗೊತ್ತು. ಹಾಗೆ ಮಾಡುವವರನ್ನು ಹಿಡಿಯಲಿಕ್ಕೆಂದೇ ಆ ಟಿಕ್ ಇಟ್ಟಿದ್ದಾರೆ.

ಕೋವಿಡ್ಡಿನ ಮೊದಲ ಬೇಸಿಗೆ. ಇಬ್ಬರಿಗೂ ಮಾಸ್ಕು, ನಡುವೆ ಪ್ಲಾಸ್ಟಿಕ್ಕಿನ ಪರದೆ. ಟೆರೆನ್ಸ್‌ಗೆ ಇಪ್ಪತ್ತಮೂರು. ಸೌತ್ ಕೆರೊಲಿನಾದ ಸಣ್ಣ ಊರಿನವನು. ಕಾಲೇಜಿನಲ್ಲಿ ಆಡಿ, ಯಾರೂ ಆರಿಸದೆ, ಕಡೆಗೆ ಒಂದು ವೃತ್ತಿಪರ ತಂಡದ ಬಾಗಿಲಿಗೆ ಬಂದು ನಿಂತಿದ್ದ. ಒಬ್ಬ ಲೈನ್‌ಬ್ಯಾಕರ್‌ಗೆ ಮಾತ್ರ ಜಾಗವಿದೆ, ನಾಲ್ವರು ಕಾದಿದ್ದೇವೆ ಎಂದು ಅವನೇ ಹೇಳಿದ.

ಹನ್ನೆರಡು ಪದ ಓದಿ ಹೇಳಿದೆ. ಇಪ್ಪತ್ತು ನಿಮಿಷ ಬಿಟ್ಟು ಅವನು ಅವನ್ನು ತಿರುಗಿ ಹೇಳಬೇಕು. ಆ ನಡುವೆ ಸುಮ್ಮನೆ ಮಾತಿಗೆಳೆದೆ, ಲೈನ್‌ಬ್ಯಾಕರ್ ಅಂದರೆ ಏನು ಮಾಡಬೇಕು ಎಂದೆ. ಎದುರಿನ ಹನ್ನೊಂದು ಜನ ನಿಂತ ರೀತಿ ನೋಡಿಯೇ ಚೆಂಡು ಎತ್ತ ಹೋಗುತ್ತದೆಂದು ಊಹಿಸಬೇಕಂತೆ, ತನ್ನವರಿಗೆ ಕೂಗಿ ಹೇಳಬೇಕಂತೆ, ಆಮೇಲೆ ತಾನೇ ನುಗ್ಗಿ ಚೆಂಡು ಹಿಡಿದವನನ್ನು ಕೆಡವಬೇಕಂತೆ. ಮೂರು ವರ್ಷದ ಹಿಂದಿನ ಒಂದು ಪಂದ್ಯದಲ್ಲಿ ಯಾರು ಎಲ್ಲಿ ನಿಂತಿದ್ದರು, ಯಾರ ಯಾವ ಕಾಲು ಮುಂದಿತ್ತು ಎಂಬುದನ್ನೆಲ್ಲ ಮೇಜಿನ ಮೇಲೆ ಬೆರಳಿನಿಂದ ಬರೆದು ತೋರಿಸಿದ. ನನ್ನ ಹೆಸರು ವಾಸಂತಿ ಎಂದು ಒಂದೇ ಸಲ ಹೇಳಿದ್ದೆ. ಇಲ್ಲಿ ಯಾರ ಬಾಯಲ್ಲೂ ನೆಟ್ಟಗೆ ಬರದ ಆ ಹೆಸರನ್ನು ಅವನು ಸರಿಯಾಗಿ ಕರೆದ.

ಇಪ್ಪತ್ತು ನಿಮಿಷ ಆಯಿತು. ಪದ ಕೇಳಿದೆ. ಐದು ಹೇಳಿ ನಿಲ್ಲಿಸಿಬಿಟ್ಟ. ನಾನು ಪೆನ್ನು ಕೆಳಗಿಟ್ಟು ಅವನ ಮುಖ ನೋಡಿದೆ. ಅವನೂ ನನ್ನ ಮುಖ ನೋಡಿದ.

"ಐದೇ ನೆನಪಿರೋದು, ಮ್ಯಾಮ್. ಐದು ಅಂತಲೇ ಬರ್ಕೊಳ್ಳಿ."

ಬರೆದುಕೊಂಡೆ. ಟಿಕ್ಕೂ ಹಾಕಿದೆ. ಅವನು ಆ ದಿನದ ಒಂಬತ್ತನೆಯವನು, ನಾನು ದಣಿದಿದ್ದೆ. ಪ್ರಯತ್ನ ಸಾಲದು ಎಂದು ಬರೆದರೆ ಮತ್ತೊಂದು ಫಾರ್ಮು, ಮೇಲಿನವರಿಗೆ ಫೋನು, ಮರುಪರೀಕ್ಷೆ. ಆಗಿನ್ನೂ ವೀಸಾದ ಮೇಲೆ ಇದ್ದವಳು, ಯಾವ ರಗಳೆಯಲ್ಲೂ ನನ್ನ ಹೆಸರು ಬರುವುದು ಬೇಡವಾಗಿತ್ತು. ಮತ್ತೆ ಹುಡುಗ ಇಷ್ಟವಾಗಿದ್ದ, ಪಾಪ, ಆಡಲಿ ಅನ್ನಿಸಿತ್ತು. ಇಷ್ಟೇ. ಇದಕ್ಕಿಂತ ದೊಡ್ಡ ಕಾರಣ ಎಷ್ಟು ಹುಡುಕಿದರೂ ಸಿಗುತ್ತಿಲ್ಲ.

ಇನ್ನೊಂದು ಹೇಳಬೇಕು, ಇದನ್ನು ಹೇಳಲಿಕ್ಕೇ ಹೆಚ್ಚು ನಾಚಿಕೆ. ಮರುವರ್ಷ ಯುಗಾದಿಗೆ ಕ್ಯಾರಿಯ ಕನ್ನಡದವರೆಲ್ಲ ಒಬ್ಬರ ಹಿತ್ತಲಲ್ಲಿ ಸೇರಿದ್ದೆವು, ಮನೆಗೊಂದು ಅಡುಗೆ. ಕೈಯಲ್ಲಿ ಚಿತ್ರಾನ್ನದ ತಟ್ಟೆ ಹಿಡಿದು ನಾನು ಈ ಕಥೆ ಹೇಳಿದೆ. ನಮ್ಮ ಮಕ್ಕಳು ಅರ್ಧ ಮಾರ್ಕಿಗೆ ಟೀಚರ್ ಹತ್ತಿರ ಜಗಳಕ್ಕೆ ಹೋಗ್ತಾವೆ, ಇಲ್ಲೊಬ್ಬ ಫೇಲ್ ಆಗೋಕೆ ಬೆವರು ಸುರಿಸ್ತಾ ಕೂತಿದ್ದ ಅಂದೆ. ಎಲ್ಲರೂ ಹೊಟ್ಟೆ ಹಿಡಿದುಕೊಂಡು ನಕ್ಕರು. ಅವನ ಹೆಸರು ಮಾತ್ರ ಹೇಳಲಿಲ್ಲ. ಅಷ್ಟು ನಿಯಮ ಪಾಲಿಸಿದ್ದೇನೆ, ನೋಡಿ. ಆ ದಿನ ನಕ್ಕವರು ಯಾರಾದರೂ ಇದನ್ನು ಓದುತ್ತಿದ್ದರೆ, ನಿಮ್ಮ ತಪ್ಪೇನೂ ಇಲ್ಲ. ನಗಿಸಿದವಳು ನಾನು.

ತಂಡದ ಆ ಒಂದು ಜಾಗ ಟೆರೆನ್ಸ್‌ಗೇ ಸಿಕ್ಕಿತ್ತು. ಅದೇ ವರ್ಷ ಅಕ್ಟೋಬರಿನಲ್ಲಿ ಆಡುವಾಗ ಅವನ ತಲೆಗೆ ಪೆಟ್ಟು ಬಿತ್ತು. ಎರಡು ದಿನ ಬಿಟ್ಟು ನಮ್ಮಲ್ಲಿಗೆ ಕಳಿಸಿದರು. ಮತ್ತೆ ಹನ್ನೆರಡು ಪದ, ಮತ್ತೆ ಇಪ್ಪತ್ತು ನಿಮಿಷ. ಈ ಸಲ ನಡುವಿನ ಹೊತ್ತೆಲ್ಲ ಅವನು ಕಿಟಕಿಯ ಬೆಳಕಿಗೆ ಕೈ ಅಡ್ಡ ಹಿಡಿದುಕೊಂಡು ಕೂತಿದ್ದ. ಕೇಳಿದಾಗ ಒಂದೊಂದೇ ಪದ ಹೊರಗೆ ತಂದ. ನಾಲ್ಕನೆಯದಾದ ಮೇಲೆ ಕಣ್ಣು ಮುಚ್ಚಿ ತುಂಬ ಹೊತ್ತು ಕೂತ, ಹಣೆಯಲ್ಲಿ ಬೆವರು ಒಡೆಯಿತು. ಐದನೆಯದು ಬಂತು. ಆರನೆಯದಕ್ಕಾಗಿ ಅವನು ಒದ್ದಾಡಿದ್ದನ್ನು ನಾನು ಕಣ್ಣಾರೆ ನೋಡಿದ್ದೇನೆ. ಅವತ್ತು ಅವನು ನಟಿಸುತ್ತಿರಲಿಲ್ಲ.

ಆವತ್ತೂ ಐದು, ಇವತ್ತೂ ಐದು. 'ಮೊದಲಿನ ಅಂಕಕ್ಕೂ ಈಗಿನದಕ್ಕೂ ವ್ಯತ್ಯಾಸವಿಲ್ಲ' ಎಂದು ಬರೆದೆ. ಹಾಳೆಯ ಲೆಕ್ಕದಲ್ಲಿ ಅದು ನಿಜವೇ — ಆದರೆ ಆ ಕೋಣೆಯಲ್ಲಿ ನಿಜ ಗೊತ್ತಿದ್ದವರು ಇಬ್ಬರೇ, ಅವರಲ್ಲಿ ಒಬ್ಬನಿಗೆ ಆಗ ತಲೆ ನೆಟ್ಟಗಿರಲಿಲ್ಲ. ಉಳಿದವಳು ನಾನು. ಭಾನುವಾರ ಅವನು ಆಡಿದ. ಅವತ್ತು ಮತ್ತೆ ಬಿದ್ದ, ಎದ್ದು ಎದುರಾಳಿಗಳ ಕಡೆಗೆ ಹೋಗಿ ನಿಂತುಕೊಂಡನಂತೆ. ಟಿವಿಯವರು ಅದನ್ನು ತಿರುಗಿಸಿ ತಿರುಗಿಸಿ ತೋರಿಸಿದರು.

ಆಮೇಲೆ ಅಟ್ಲಾಂಟಾ ಕಡೆ ಒಂದು ಸೀಸನ್ ಆಡಿದ ಎಂದು ಕೇಳಿದೆ. ಅಲ್ಲಿ ತಪ್ಪು ತಪ್ಪು ಕೂಗುತ್ತಾನೆ, ತನ್ನವರನ್ನೇ ಗಲಿಬಿಲಿ ಮಾಡುತ್ತಾನೆ ಎಂದು ಕೈಬಿಟ್ಟರು. ನನ್ನ ಗಂಡ ಶ್ರೀಧರನಿಗೆ ದೂರದ ರೆಸ್ಟನ್ ಎಂಬ ಊರಿನಲ್ಲಿ ಕೆಲಸ ಸಿಕ್ಕಿತು, ನಾವು ಕ್ಯಾರಿ ಬಿಟ್ಟೆವು. ಊರು ಬಿಟ್ಟರೆ ವಿಷಯವೂ ಬಿಟ್ಟುಹೋಯಿತು ಎಂದುಕೊಂಡಿದ್ದೆ.

ಹೋದ ತಿಂಗಳು ಅವನ ಹೆಂಡತಿ ನಿಕೋಲ್ ನನ್ನನ್ನು ಹುಡುಕಿಕೊಂಡು ಬಂದಳು. ಷಾರ್ಲೆಟ್ಟಿನಿಂದ ಆರೇಳು ಗಂಟೆ ಡ್ರೈವ್ ಮಾಡಿಕೊಂಡು, ಪಕ್ಕದಲ್ಲಿ ಟೆರೆನ್ಸ್‌ನನ್ನು ಕೂರಿಸಿಕೊಂಡು. ನಮ್ಮ ಮನೆಯ ಹತ್ತಿರದ ಕಾಫಿ ಅಂಗಡಿಯಲ್ಲಿ ಕೂತೆವು. ಅವನಿಗಿನ್ನೂ ಮೂವತ್ತು ಆಗಿಲ್ಲ. ಒಲೆ ಆರಿಸುವುದು ಮರೆಯುತ್ತಾನೆ, ಮಗಳನ್ನು ಶಾಲೆಯಿಂದ ಕರೆತರಲು ಹೋದವನು ದಾರಿ ತಪ್ಪಿ ಎಲ್ಲೋ ನಿಂತಿರುತ್ತಾನೆ ಎಂದು ಅವಳು ಹೇಳಿದಳು. ಚಿಕಿತ್ಸೆಗೂ ನೋಡಿಕೊಳ್ಳುವವರಿಗೂ ಆಟಗಾರರ ನಿಧಿಗೆ ಅರ್ಜಿ ಹಾಕಿದ್ದಳು. ಅದು ತಿರಸ್ಕಾರವಾಗಿತ್ತು. ಆ ಕಾಗದವನ್ನು ನನ್ನ ಮುಂದೆ ಇಟ್ಟಳು. ಆಟದಿಂದ ಅವನಿಗೆ ಏನೂ ನಷ್ಟವಾಗಿಲ್ಲ, ಸೇರಿದ ದಿನದಿಂದಲೂ ಅವನ ಬುದ್ಧಿಶಕ್ತಿ ಇಷ್ಟೇ ಎಂದು ಅದರಲ್ಲಿತ್ತು. ಆಧಾರ — ನನ್ನ ಸಹಿಯ ಆ ಮೊದಲ ಹಾಳೆ.

ಟೆರೆನ್ಸ್ ಸಕ್ಕರೆಯ ಪೊಟ್ಟಣಗಳನ್ನು ಸಾಲಾಗಿ ಜೋಡಿಸುತ್ತಿದ್ದ. ನನ್ನನ್ನು ನೋಡಿ ನಕ್ಕ, ಮರ್ಯಾದೆಯ ನಗು, ಯಾರೆಂದು ಗುರುತಿಲ್ಲದ ನಗು. ನಿಕೋಲ್ ಅವನ ಕೈ ಹಿಡಿದುಕೊಂಡು ನನ್ನನ್ನು ಕೇಳಿದಳು.

"ಆ ದಿನ ಅವನ ಎದುರು ಕೂತಿದ್ದವರು ನೀವೊಬ್ಬರೇ. ಆಗ್ಲೂ ಹೀಗೇ ಇದ್ನಾ?"

ನಾನು ಹೇಳಿದೆ — ತುಂಬ ಜನರನ್ನು ನೋಡುತ್ತೇನೆ, ನನಗೆ ನೆನಪಿಲ್ಲ.

ನೆನಪು ಹೋಗುತ್ತಿರುವ ಮನುಷ್ಯನ ಎದುರಿಗೆ ಕೂತು ನನಗೆ ನೆನಪಿಲ್ಲ ಅಂದೆ. ಮೊದಲ ಟಿಕ್ಕಿಗೆ ದಣಿವು, ವೀಸಾ, ಕನಿಕರ ಎಂದು ಏನಾದರೂ ಹೇಳಬಹುದೇನೋ. ಈ ಮಾತಿಗೆ ಏನು ಹೇಳಲಿ? ನಿಕೋಲ್ ಸಿಟ್ಟಾಗಲಿಲ್ಲ. ಕಾಗದ ಮಡಚಿ ಚೀಲಕ್ಕೆ ಹಾಕಿಕೊಂಡು, ನಿಮ್ಮ ಸಮಯ ತೆಗೆದುಕೊಂಡೆವು ಎಂದು ನನಗೇ ಥ್ಯಾಂಕ್ಸ್ ಹೇಳಿದಳು. ಅವನಿಗೆ ಜಾಕೆಟ್ಟಿನ ತೋಳು ಸಿಗಲಿಲ್ಲ, ಅವಳೇ ತೊಡಿಸಿದಳು.

ಶ್ರೀಧರನಿಗೆ ಎಲ್ಲ ಹೇಳಿದೆ. ಅವನು ಕೆಟ್ಟವನಲ್ಲ, ಲೆಕ್ಕಾಚಾರದ ಮನುಷ್ಯ. "ಈಗ ಅದನ್ನೆಲ್ಲ ಕೆದಕಿ ಏನ್ ಮಾಡ್ತೀಯ, ವಾಸಂತಿ? ಲೈಸೆನ್ಸ್ ಹೋಗತ್ತೆ. ಅವನೇ ತಾನೆ ಬರ್ಕೊಳ್ಳಿ ಅಂದಿದ್ದು?" ಹೌದು, ಅವನೇ ಅಂದದ್ದು. ಇಪ್ಪತ್ತಮೂರರ ಹುಡುಗ, ಎದುರಿಗಿರುವುದು ಒಂದೇ ಜಾಗ, ಅವನು ಅನ್ನದೆ ಇನ್ನೇನು ಮಾಡುತ್ತಾನೆ? ಅಂಥವನಿಗೆ ಇಲ್ಲ ಅನ್ನಲಿಕ್ಕೆಂದೇ ನನ್ನನ್ನು ಆ ಕುರ್ಚಿಯಲ್ಲಿ ಕೂರಿಸಿದ್ದರು.

ಲೈಸೆನ್ಸ್ ಹೋಗಲಿ. ನಿಜವಾಗಿಯೂ ಇದಕ್ಕೆ ಧೈರ್ಯವೇನೂ ಬೇಕಾಗಿಲ್ಲ, ನನಗೆ ಸುಸ್ತಾಗಿದೆ ಅಷ್ಟೆ. ಮೊದಲು ಕನ್ನಡದಲ್ಲಿ ಬರೆಯುತ್ತಿರುವುದು ಏಕೆಂದರೆ ಇಂಗ್ಲಿಷಿನಲ್ಲಿ ಶುರು ಮಾಡಿದಾಗಲೆಲ್ಲ ನನ್ನ ವಾಕ್ಯಗಳು ರಿಪೋರ್ಟಿನ ಹಾಗೆ ಆಗಿ, ತಪ್ಪು ಮಾಡಿದವರು ಯಾರೆಂದೇ ಕಾಣದೆ ಹೋಗುತ್ತಿತ್ತು. ಇಲ್ಲಿ 'ನಾನು' ಎಂದು ಬರೆಯಲು ಬಂತು. ಇದನ್ನು ಮುಗಿಸಿ ಆ ನಿಧಿಯವರಿಗೆ ಬರೆಯುತ್ತೇನೆ. ಅವನ ಮೊದಲ ಅಂಕ ಸುಳ್ಳು, ಅದು ಸುಳ್ಳೆಂದು ಆವತ್ತೇ ನನಗೆ ಗೊತ್ತಿತ್ತು ಎಂದು ಸಹಿ ಹಾಕಿ ಕೊಡುತ್ತೇನೆ. ಅದರಿಂದ ಅವನಿಗೆ ಸಹಾಯ ಸಿಗುತ್ತದೋ ಇಲ್ಲವೋ ತಿಳಿಯದು. ಆರನೆಯ ಪದವಂತೂ ಇನ್ನು ಅವನಿಗೆ ಬರುವುದಿಲ್ಲ.

ಅದಕ್ಕೂ ಮುಂಚೆ ನಿಕೋಲ್‌ಗೆ ಫೋನ್ ಮಾಡಬೇಕು. ಏನು ಹೇಳಬೇಕೆಂದು ಒಂದು ಚೀಟಿಯಲ್ಲಿ ಬರೆದುಕೊಂಡೆ, ಹರಿದೆ, ಮತ್ತೆ ಬರೆದೆ. ಈಗ ಅದರಲ್ಲಿ ಉಳಿದಿರುವುದು ಒಂದೇ ಸಾಲು. ಅವನು ಹೀಗಿರಲಿಲ್ಲ ನಿಕೋಲ್, ನನಗೆ ಎಲ್ಲಾ ನೆನಪಿದೆ.