ವಾಲ್ಟ್ರೌಟಳ ಯಂತ್ರ ಹಾಜರಿ ಕೊಡದ ದಿನ

ವಾಲ್ಟ್ರೌಟ್ ಬಿಟ್ಸರ್ ವಿಷಯ ಬರೆಯಬೇಕೆಂದರೆ ಮೊದಲು ಅವಳ ಬಾಯಿಯ ವಿಷಯ ಬರೆಯಬೇಕು. ಜರ್ಮನಿಯ ಆಲ್ಬ್ ಗುಡ್ಡಗಳ ಮೇಲಿರುವ ನಮ್ಮ ಚಡ್ಡಿ ಬನಿಯನ್ ಕಾರ್ಖಾನೆಯಲ್ಲಿ ಹೆಣಿಗೆ ಯಂತ್ರಗಳೆಲ್ಲ ಒಟ್ಟಿಗೆ ಗಡಗಡ ಎನ್ನುತ್ತಿದ್ದರೂ, ಅವಳು ಮಹಡಿಯಿಂದ ಒಂದು ಕೂಗು ಹಾಕಿದರೆ ಕೆಳಗಿನ ಗೋದಾಮಿನವರು ಕೆಲಸ ಬಿಟ್ಟು ತಲೆ ಎತ್ತುತ್ತಿದ್ದರು. ಶಾಲೆ ಮುಗಿಸಿದ ವರ್ಷವೇ ಗುಂಡಿ ಹೊಲಿಯಲು ಸೇರಿದವಳು. ಕಾರ್ಖಾನೆಗೆ ಯುನಿಕ್ಸ್ ಗಣಕಯಂತ್ರ ಬಂದಾಗ, ಇದನ್ನು ಯಾರು ನೋಡಿಕೊಳ್ಳುತ್ತೀರಿ ಎಂದು ಯಜಮಾನರು ಕೇಳಿದರು. ಗಂಡಸರೆಲ್ಲ ತಮ್ಮ ತಮ್ಮ ಬೂಟು ನೋಡಿಕೊಂಡು ನಿಂತರು. ಇವಳು ಕೈ ಎತ್ತಿದಳು.

"ಗುಂಡಿ ಹೊಲಿಯೋ ಯಂತ್ರಕ್ಕಿಂತ ಕೆಟ್ಟ ಬುದ್ಧಿ ಇದಕ್ಕಿರೋಕೆ ಸಾಧ್ಯವೇ ಇಲ್ಲ ಬಿಡಿ" ಎಂದಳು.

ಸ್ಟುಟ್‌ಗಾರ್ಟ್‌ಗೆ ಹೋಗಿ ಕಲಿತು ಬಂದಳು. ಬಂದವಳೇ ಗಣಕಯಂತ್ರಕ್ಕೂ ಗುಡಿಸೋ ಸರದಿ ಹಾಕಿದಳು. ನಮ್ಮ ಕಡೆ ಒಂದು ಕಟ್ಟಡದಲ್ಲಿ ನಾಲ್ಕು ಮನೆಯಿದ್ದರೆ ವಾರಕ್ಕೊಬ್ಬರು ಮೆಟ್ಟಿಲು, ಹಜಾರ ಗುಡಿಸಲೇಬೇಕು. ತಪ್ಪಿಸಿದರೆ ನೆರೆಹೊರೆಯವರು ಮುಖ ತಿರುಗಿಸುತ್ತಾರೆ. ಸಾವಿನ ಮನೆಗೂ ಅದರಲ್ಲಿ ರಿಯಾಯಿತಿ ಇಲ್ಲ. ಯಂತ್ರದೊಳಗೂ ತಲೆಬಾಗಿಲಿನ ಹಜಾರದಂಥ ಒಂದು ಜಾಗವಿದೆ. ಯಾವ ಕಪಾಟಿಗೂ ಸೇರಿಸದೆ ನಮ್ಮವರು ಹಳೆಯ ಕಡತಗಳನ್ನೆಲ್ಲ ಅಲ್ಲೇ ಬಿಸಾಡುತ್ತಿದ್ದರು. ವಾಲ್ಟ್ರೌಟ್ ಒಂದು ನಿಯಮ ಮಾಡಿದಳು: ಆ ಹಜಾರದಲ್ಲಿ ಒಂದು ವರ್ಷದಿಂದ ಯಾರೂ ತಿದ್ದದೆ ಬಿದ್ದಿರುವ ಕಡತ ಕ್ಯಾಸೆಟ್ಟಿನಂಥ ಟೇಪಿಗೆ ಹೋಗಬೇಕು, ಹಜಾರ ಖಾಲಿಯಾಗಬೇಕು. ಅದಕ್ಕೊಂದು ಆಜ್ಞೆಯನ್ನೂ ತಾನೇ ಬರೆದಿಟ್ಟಳು. ಸರದಿ ಇದ್ದವರು ಅದನ್ನು ಒತ್ತಿದರೆ ಆಯಿತು, ಗುಡಿಸಿದಂತೆ. ಟೇಪು ಅವಳ ಮನೆಗೆ ಹೋಗುತ್ತಿತ್ತು. ಕಾರ್ಖಾನೆಗೆ ಬೆಂಕಿ ಬಿದ್ದರೂ ಟೇಪು ಉಳಿಯಬೇಕೆಂಬ ಲೆಕ್ಕ. ಎಸೆಯುವ ಮಾತಂತೂ ಇಲ್ಲವೇ ಇಲ್ಲ. ನಮ್ಮ ಜನ ಹರಿದ ಕಾಲುಚೀಲವನ್ನೂ ಎಸೆಯುವುದಿಲ್ಲ.

ತೊಂಬತ್ತೊಂದರ ಜನವರಿ ಚಳಿಯಲ್ಲಿ ಯಂತ್ರ ಒಮ್ಮೆ ಕೈಕೊಟ್ಟು ಇಡೀ ಕಾರ್ಖಾನೆ ಆಕಳಿಸುತ್ತಾ ಕೂತಿತ್ತು. ಆಗ ಯಜಮಾನರಾದ ಹೆರ್ ನೇಗೆಲೆ ಎಲ್ಲರ ಮುಂದೆಯೇ ಹೇಳಿಬಿಟ್ಟಿದ್ದರು:

"ಫ್ರಾವ್ ಬಿಟ್ಸರ್, ಇನ್ನೊಂದು ಸಲ ಇದು ನಿಂತರೆ ಸ್ಟುಟ್‌ಗಾರ್ಟ್ ಕಂಪನಿಯವರಿಗೆ ವಹಿಸಿಬಿಡ್ತೀನಿ. ನೀವು ವಾಪಸ್ ಗುಂಡಿ ವಿಭಾಗಕ್ಕೆ."

ಅವಳು ಬಾಯಿ ಮುಚ್ಚಿಕೊಂಡಿದ್ದನ್ನು ನಾನು ನೋಡಿದ್ದು ಅದೇ ಮೊದಲು. ನಾನು ಅವಳ ಎದುರು ಮೇಜಿನಲ್ಲಿ ಕೂತು ಅದೇ ಯಂತ್ರದಲ್ಲಿ ಆರ್ಡರ್ ಬರೆಯುವವಳು. ಗಣಕಯಂತ್ರದ ಮುಂದಿನ ಆ ಕುರ್ಚಿ ಬಿಟ್ಟರೆ ಅವಳು ಅವಳಾಗಿ ಉಳಿಯುವುದಿಲ್ಲ ಎಂದು ನನಗೆ ಗೊತ್ತಿತ್ತು.

ಆ ವರ್ಷದ ಆಗಸ್ಟ್‌ನಲ್ಲಿ, ಕಾರ್ಖಾನೆಯ ರಜೆಗೆ ಮುಂಚಿನ ಕೊನೆಯ ದಿನ ನಡೆದ ಕಥೆ ಇದು. ಹೊಸ ಸ್ವಿಚ್ ಬೋರ್ಡ್ ಕೂರಿಸಲು ವಿದ್ಯುತ್ ಕೆಲಸದವರು ಬರುವವರಿದ್ದರು. ಮಧ್ಯಾಹ್ನಕ್ಕೆ ಕರೆಂಟು ತೆಗೆಯುತ್ತಾರೆ, ಸ್ವಲ್ಪ ಹೊತ್ತಿಗೆ ಮತ್ತೆ ಕೊಡುತ್ತಾರೆ ಎಂದು ಮೊದಲೇ ತಿಳಿಸಿದ್ದರು.

ವಾಲ್ಟ್ರೌಟ್ ಬೆಳಿಗ್ಗೆ ಬಂದು ಕೋಟು ಬಿಚ್ಚುವ ಮುಂಚೆಯೇ ಎರಡಕ್ಷರ ಒತ್ತುತ್ತಿದ್ದಳು: ಪಿಎಸ್. ಒತ್ತಿದ ಕೂಡಲೇ ಯಂತ್ರದೊಳಗೆ ಆ ಗಳಿಗೆಯಲ್ಲಿ ಯಾವ ಯಾವ ಕೆಲಸ ಓಡುತ್ತಿದೆ, ಯಾರದು ಎಂದು ಪರದೆಯ ಮೇಲೆ ಸಾಲಾಗಿ ಬರುತ್ತಿತ್ತು. ಅವಳು ಅದನ್ನು ಹಾಜರಿ ಎನ್ನುತ್ತಿದ್ದಳು. ಆವತ್ತು ಒತ್ತಿದಳು. ನಾಮಪಟ್ಟಿ ಇಲ್ಲ ಎಂಬ ಒಂದೇ ಒಂದು ಸಾಲು ಬಂತು.

"ಇಲ್ಲ ಅಂದ್ರೇನು? ನಿನ್ನೆವರೆಗೂ ಇತ್ತಲ್ಲೋ ಮಾರಾಯ!" ಎಂದು ಪರದೆಗೇ ಗದರಿದಳು.

"ಯಾರೂ ಕೆಲಸ ಮಾಡ್ತಿಲ್ವೇನೋ. ರಜೆ ಬಂತಲ್ಲ" ಎಂದೆ ನಾನು.

"ನೀನು ಆರ್ಡರ್ ಬರೀತಿದ್ದೀಯಾ ಇಲ್ವಾ?"

"ಬರೀತಿದ್ದೀನಿ."

"ಹಂಗಾದ್ರೆ ಬಾಯಿ ಮುಚ್ಕೊಂಡು ಬರಿ. ಎಲ್ಲಾ ಓಡ್ತಿದೆ, ಇವನು ನೋಡೋಕೆ ಆಗಲ್ಲ ಅಂತಿದ್ದಾನೆ ಅಷ್ಟೆ."

ಮೇಲಧಿಕಾರದ ಗುಪ್ತಪದ ಹಾಕಿಕೊಂಡು ಒತ್ತಿದಳು. ಅದೇ ಉತ್ತರ. ಪಿಎಸ್ ಆಜ್ಞೆಯೇ ಕೆಟ್ಟಿದೆಯೇ ಎಂದು ಯಂತ್ರದಲ್ಲೇ ತೆಗೆದಿಟ್ಟಿದ್ದ ಅದರ ಇನ್ನೊಂದು ಪ್ರತಿ ಓಡಿಸಿದಳು. ಅದೂ ಅದನ್ನೇ ಹೇಳಿತು. ಅಷ್ಟರಲ್ಲಿ ಹೆರ್ ನೇಗೆಲೆ ಬಾಗಿಲಲ್ಲಿ ಇಣುಕಿದರು.

"ಏನ್ರೀ ತೊಂದರೆ? ಒಂದ್ಸಲ ಆರಿಸಿ ಹಚ್ಚಿದ್ರೆ ಸರಿಹೋಗಲ್ವೇ?"

"ಯಾಕೆ ಕೆಟ್ಟಿದೆ ಅಂತ ಗೊತ್ತಾಗೋವರೆಗೂ ಆರಿಸೋ ಮಾತೇ ಇಲ್ಲ. ನೀವು ಕಾಫಿ ಕುಡೀರಿ ಹೋಗಿ!"

ಯಜಮಾನರಿಗೇ ಹೀಗೆ ಹೇಳಿದಳು. ಅವರೂ ಹೋದರು, ಪುಣ್ಯಕ್ಕೆ.

ಆಮೇಲೆ ದಪ್ಪ ಕೈಪಿಡಿ ತೆಗೆದು, ಕನ್ನಡಕ ಮೂಗಿನ ತುದಿಗೆ ಇಳಿಸಿಕೊಂಡು ಓದತೊಡಗಿದಳು. ಓದುತ್ತಾ ಓದುತ್ತಾ ಅವಳ ಮುಖ ಬಿಳಿಚಿಕೊಂಡಿತು.

"ಗುಡ್ರುನ್, ಇಲ್ಲಿ ಬಾರೇ."

ಅವಳ ಧ್ವನಿ ಅಷ್ಟು ಮೆಲ್ಲಗಿದ್ದುದು ಕೇಳಿ ಆರ್ಡರ್ ಅಲ್ಲೇ ಬಿಟ್ಟು ಎದ್ದು ಹೋದೆ.

"ಯಂತ್ರದ ನೆನಪಿನಲ್ಲಿ ಯಾವ ಕೆಲಸ ಎಲ್ಲಿ ಕೂತಿದೆ ಅಂತ ಪಿಎಸ್‌ಗೆ ತಾನಾಗಿ ಗೊತ್ತಾಗಲ್ಲ. ಹಜಾರದಲ್ಲಿ ಒಂದು ದೊಡ್ಡ ಕಡತ ಇರುತ್ತೆ, ಅದರಲ್ಲಿರೋ ನಾಮಪಟ್ಟಿ, ಅಂದ್ರೆ ನಕ್ಷೆ, ನೋಡ್ಕೊಂಡು ಹುಡುಕುತ್ತೆ. ಆ ಕಡತ ಈಗ ಇಲ್ಲ."

"ಹೋಗ್ಲಿ ಬಿಡು. ಹಾಜರಿ ಒಂದು ದಿನ ಇಲ್ದಿದ್ರೆ ಏನಾಯ್ತು?"

"ಅಯ್ಯೋ ಪೆದ್ದಿ! ಆ ಕಡತಾನೇ ಈ ಯಂತ್ರದ ಜೀವ. ಕರೆಂಟು ಬಂದಾಗ ಅದನ್ನ ಓದ್ಕೊಂಡೇ ಇದು ಎದ್ದೇಳೋದು. ಒಂದ್ಸಲ ಎದ್ದ ಮೇಲೆ ಕಡತ ಹೋದ್ರೂ ಇದಕ್ಕೆ ಪರಿವೆಯಿಲ್ಲ, ಓಡ್ತಾನೇ ಇರುತ್ತೆ. ಮಧ್ಯಾಹ್ನ ಮಲಗಿತು ಅಂದ್ರೆ ಮತ್ತೆ ಏಳಲ್ಲ ಕಣೇ."

ಕ್ರಿಸ್‌ಮಸ್‌ಗೆ ಅಂಗಡಿಯವರು ಕೇಳಿದ್ದ ಚಡ್ಡಿಗಳ ಲೆಕ್ಕವೆಲ್ಲ ಅದರೊಳಗೇ ಇತ್ತು. ಅವಳ ಕುರ್ಚಿಯೂ ಅದರೊಳಗೇ ಇತ್ತು ಎನ್ನಬೇಕು.

ಬಿಳಿಚಿದ್ದ ಮುಖ ಮರುಗಳಿಗೆ ಕೆಂಪಾಯಿತು. ಆ ವಾರ ಗುಡಿಸುವ ಸರದಿ ರವಾನೆ ವಿಭಾಗದ ಎಗೊನ್ ಫೌಟ್ ಅವರದು. ಬಾಗಿಲು ತಟ್ಟಿದರೆ ತಾನೇ ಕ್ಷಮಿಸಿ ಎನ್ನುವಂಥ ಪಾಪದ ಮನುಷ್ಯ. ವಾಲ್ಟ್ರೌಟ್ ಮೆಟ್ಟಿಲ ಮೇಲಿಂದಲೇ ಶುರು ಮಾಡಿದಳು.

"ಹೆರ್ ಫೌಟ್! ಏನ್ರೀ ಗುಡಿಸಿದ್ರಿ ನೀವು? ಮನೆ ಗುಡಿಸಿ ಅಂದ್ರೆ ತೊಲೆ ಕಿತ್ತು ಹಾಕ್ತಾರೇನ್ರೀ ಯಾರಾದ್ರೂ? ತಲೇಲಿ ಹತ್ತಿ ತುಂಬ್ಕೊಂಡಿದ್ದೀರಾ?"

ಪೆಟ್ಟಿಗೆ ಕಟ್ಟುತ್ತಿದ್ದ ಹೆಂಗಸರೆಲ್ಲ ತಿರುಗಿ ನೋಡಿದರು. ಫೌಟ್ ಕಿವಿಯವರೆಗೂ ಕೆಂಪಾದರು.

"ನಾನು ಬೇರೇನೂ ಮುಟ್ಟಿಲ್ಲ, ಫ್ರಾವ್ ಬಿಟ್ಸರ್. ನೀವು ಬರೆದಿಟ್ಟ ಆಜ್ಞೆ ಒತ್ತಿದೆ. ಪ್ರತಿ ಸಲ ಒತ್ತೋದು ಅದೇ ತಾನೇ?"

"ಹಾಗಿದ್ರೆ ಇಷ್ಟು ದಿನ ಹೋಗದೇ ಇರೋದು ಈ ವಾರ ಯಾಕೆ ಹೋಯ್ತು? ಆ ಕಡತ ಕೂರಿಸಿದ್ದು ಹೋದ ವರ್ಷ, ರಜೆಗೆ..." ಎಂದವಳು ಅಲ್ಲಿಗೇ ನಿಲ್ಲಿಸಿದಳು.

ಹೋದ ವರ್ಷ ರಜೆಗೆ ಮುಂಚೆ. ಆ ವಾರಕ್ಕೆ ಕಡತಕ್ಕೆ ವರ್ಷ ತುಂಬಿತ್ತು. ಒಂದು ವರ್ಷದಿಂದ ಯಾರೂ ತಿದ್ದದೆ ಬಿದ್ದಿರುವುದು ಹಜಾರದಲ್ಲಿ ಇರಕೂಡದು. ನಿಯಮ ಯಾರದು? ಫೌಟ್ ಅಚ್ಚುಕಟ್ಟಾಗಿ ಗುಡಿಸಿದ್ದರು, ವಾಲ್ಟ್ರೌಟ್ ಬಿಟ್ಸರ್ ಹೇಳಿದ ಹಾಗೆಯೇ.

ಅವಳು ತಿರುಗಿ ಮೆಟ್ಟಿಲು ಹತ್ತಿದಳು. ಹಿಂದೆಯೇ ಹೋದ ನನ್ನ ಕೈಗೆ ಮನೆಯ ಬೀಗದ ಕೈ ಹಾಕಿದಳು.

"ಈ ವಾರದ ಟೇಪು ನೆಲಮಾಳಿಗೆಯಲ್ಲಿದೆ. ಪ್ಲಮ್ ಜಾಮಿನ ಭರಣಿಗಳ ಹಿಂದೆ. ಬೇಗ ಹೋಗಿ ಬಾರೇ. ಬೀಳಿಸಿಬಿಟ್ಟೀಯ!"

ಸೈಕಲ್ ಹತ್ತಿದೆ. ನಮ್ಮ ಊರು ಪೂರ್ತಿ ಏರು, ನಾನೋ ಒಳ್ಳೇ ಮೈಕೈ ತುಂಬಿದವಳು. ಬೈದುಕೊಂಡೇ ತುಳಿದೆ. ಅವಳ ಗಂಡ ಓಟ್ಮಾರ್ ರಾತ್ರಿ ಪಾಳಿ ಮುಗಿಸಿ ಬಂದು, ಪೈಜಾಮದಲ್ಲೇ ಬಾಗಿಲಿಗೆ ಅಡ್ಡ ನಿಂತಿದ್ದ.

"ಗುಡ್ರುನ್, ಬೂಟು ಬಿಚ್ಚಿ ಇಳಿ. ಮೆಟ್ಟಿಲು ಒರೆಸಿ ಈಗ ತಾನೇ ಮುಗಿಸಿದ್ದೀನಿ. ಈ ವಾರ ನಮ್ಮ ಸರದಿ."

"ನಿಮ್ಮ ಸರದಿಗಿಷ್ಟು ಬೆಂಕಿ ಹಾಕ!" ಎಂದು ಬೂಟುಗಾಲಿನಲ್ಲೇ ಇಳಿದೆ. ಟೇಪಿಗೆ ಜಾಮು ಮೆತ್ತಿಕೊಂಡಿತ್ತು. ಲಂಗದಲ್ಲಿ ಒರೆಸಿಕೊಂಡು ವಾಪಸ್ ಓಡಿದೆ.

ನಾನು ಬರುವ ಹೊತ್ತಿಗೆ ವಿದ್ಯುತ್ ಕೆಲಸದವರು ಕೆಳಗೆ ಏಣಿ ಹಾಕಿದ್ದರು. ವಾಲ್ಟ್ರೌಟ್ ಟೇಪು ತೂರಿಸಿದಳು. ಅದು ಕರಕರ ಎಂದು ಓದುತ್ತಾ ಹೋಯಿತು. ಬಾಗಿಲ ಹತ್ತಿರ ಫೌಟ್ ಬಂದು ನಿಂತಿದ್ದರು, ಹಿಂದೆ ಪೆಟ್ಟಿಗೆ ಕಟ್ಟುವ ಹೆಂಗಸರು. ಕಡತ ಹಜಾರಕ್ಕೆ ವಾಪಸ್ ಬಂತು.

"ಇದು ಅದೇನಾ ಅಂತ ಹೇಗೆ ಗೊತ್ತಾಗುತ್ತೆ?" ಎಂದೆ.

"ಇವನೇ ಹೇಳಬೇಕು. ಬೇರೆ ಕಡತ ಆಗಿದ್ರೆ ನಕ್ಷೆ ತಪ್ಪಿ ಬಾಯಿಗೆ ಬಂದಿದ್ದು ಒದರ್ತಾನೆ" ಎಂದು ಪಿಎಸ್ ಒತ್ತಿದಳು.

ಸಾಲು ಸಾಲಾಗಿ ಬಂತು ನೋಡಿ! ನನ್ನ ಆರ್ಡರ್ ಕೆಲಸ, ಫೌಟ್ ಅವರ ರವಾನೆ ಕೆಲಸ, ಮುದ್ರಣದ್ದು, ಎಲ್ಲ. ನಾನು ಚಪ್ಪಾಳೆಯನ್ನೇ ತಟ್ಟಿಬಿಟ್ಟೆ.

ಅಷ್ಟರಲ್ಲಿ ಹೆರ್ ನೇಗೆಲೆ ಬಂದರು. "ಕರೆಂಟು ತೆಗೀಬಹುದಾ? ಎಲ್ಲ ಸರಿಯಿದೆ ತಾನೇ?"

ಹೂಂ ಎಂದಿದ್ದರೆ ಮುಗಿದುಹೋಗುತ್ತಿತ್ತು. ಯಾರೂ ಬಾಯಿ ಬಿಡುತ್ತಿರಲಿಲ್ಲ, ಫೌಟ್ ಅಂತೂ ಸತ್ತರೂ ಬಿಡುತ್ತಿರಲಿಲ್ಲ. ಸುಮ್ಮನಿರೇ ಎಂದು ನಾನು ಕಣ್ಣಲ್ಲೇ ಸನ್ನೆ ಮಾಡಿದೆ. ಅವಳು ನನ್ನ ಕಡೆ ನೋಡಲಿಲ್ಲ. ಎದ್ದು ನಿಂತಳು.

"ಈಗ ಸರಿಯಿದೆ. ಬೆಳಿಗ್ಗೆ ಇರಲಿಲ್ಲ. ಯಂತ್ರ ಎದ್ದೇಳೋಕೆ ಬೇಕಾದ ಕಡತಾನ ಗುಡಿಸಿ ಹಾಕಿದ್ದು ನನ್ನ ನಿಯಮ. ಹೆರ್ ಫೌಟ್ ತಪ್ಪು ಒಂದು ಸಾಸಿವೆಕಾಳಿನಷ್ಟೂ ಇಲ್ಲ. ಅವರಿಗೆ ಎಲ್ಲರ ಮುಂದೆ ಬಾಯಿಗೆ ಬಂದ ಹಾಗೆ ಬೈದೆ, ಅದಕ್ಕೆ ಎಲ್ಲರ ಮುಂದೇನೇ ಹೇಳ್ತಿದ್ದೀನಿ. ಕ್ಷಮಿಸಿ, ಹೆರ್ ಫೌಟ್." ಆಮೇಲೆ ಯಜಮಾನರ ಕಡೆ ತಿರುಗಿ, "ಗುಂಡಿ ವಿಭಾಗಕ್ಕೆ ಯಾವಾಗಿಂದ ಹೋಗಲಿ, ಹೇಳಿ" ಎಂದಳು.

ಹೆರ್ ನೇಗೆಲೆ ಅವಳನ್ನು ನೋಡಿದರು, ಫೌಟರನ್ನು ನೋಡಿದರು.

"ಬೆಳಿಗ್ಗೆ ನಾನು ಹೇಳಿದ ಹಾಗೆ ಆರಿಸಿ ಹಚ್ಚಿದ್ದಿದ್ರೆ?"

"ಇಷ್ಟು ಹೊತ್ತಿಗೆ ಹೆಣ ಆಗಿರ್ತಿತ್ತು."

ಅವರು ಕೆಳಗಿದ್ದ ವಿದ್ಯುತ್ ಕೆಲಸದವರಿಗೆ ಕೈ ಬೀಸಿದರು. ಕರೆಂಟು ಹೋಯಿತು. ಹೆಣಿಗೆ ಯಂತ್ರಗಳ ಗಡಗಡ ನಿಂತಿತು, ಪರದೆ ಕಪ್ಪಾಯಿತು. ವಾಲ್ಟ್ರೌಟ್ ಯಂತ್ರದ ತಲೆಯ ಮೇಲೆ ಅಂಗೈ ಇಟ್ಟುಕೊಂಡು ನಿಂತೇ ಇದ್ದಳು. ಕರೆಂಟು ವಾಪಸ್ ಬಂದಾಗ ಅದು ಒಂದು ಸಲ ಕೆಮ್ಮಿ, ಗುರ್ ಎಂದು ಎದ್ದಿತು. ಪರದೆಯ ಮೇಲೆ ಅಕ್ಷರ ಮೂಡಿದವು. ಅವಳು ಎರಡಕ್ಷರ ಒತ್ತಿದಳು. ಹಾಜರಿ ಬಂತು.

ಯಜಮಾನರು ಬಾಗಿಲಿಗೆ ಹೋದವರು ತಿರುಗಿ ನಿಂತರು.

"ಆ ಸ್ಟುಟ್‌ಗಾರ್ಟ್‌ನವರು ಇದ್ದಿದ್ರೆ ಯಾರ ತಪ್ಪು ಅಂತ ನನಗೆ ಯಾವತ್ತಿಗೂ ಗೊತ್ತಾಗ್ತಿರಲಿಲ್ಲ. ಕೂತ್ಕೊಳ್ರೀ ಫ್ರಾವ್ ಬಿಟ್ಸರ್, ನಿಮ್ಮ ಕುರ್ಚೀಲಿ ಕೂತ್ಕೊಳ್ಳಿ."

ಕೂತಳು. ಕೂತವಳೇ ಮೇಜಿನ ಮೇಲೆ ತಲೆಯಿಟ್ಟು ಗೊಳೋ ಎಂದು ಅತ್ತಳು. ಅದೇ ಬಾಯಿ ನೋಡಿ, ಗೋದಾಮಿನವರೆಗೂ ಕೇಳಿಸಿತು.